ಮುಪ್ಪಿಗೊಂದು ವೀಸಾ

ಅಂಧೇರಿ ಪೂರ್ವದಲ್ಲಿ ನಾವಿರುವ ಕಟ್ಟಡಕ್ಕೆ ನಲವತ್ತು ವರ್ಷ ದಾಟಿತು. ಈಗ ಅದನ್ನು ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ. ಮೂರು ವರ್ಷ ಮನೆ ಖಾಲಿ ಮಾಡಬೇಕು, ಬಾಡಿಗೆ ಬಿಲ್ಡರ್ ಕೊಡುತ್ತಾನಂತೆ. ಮಕ್ಕಳಿಗೆ ಇದೊಂದು ಹಬ್ಬ. ಎಪ್ಪತ್ತು ದಾಟಿದವರಿಗೆ ಮಾತ್ರ ಸಂಜೆ ಗೇಟಿನ ಬಳಿಯ ಬೆಂಚಿನಲ್ಲಿ ಕೂತಾಗ ಬರುವುದು ಒಂದೇ ಪ್ರಶ್ನೆ: ಹೋಗುವುದೆಲ್ಲಿಗೆ?

ಆ ಬೆಂಚಿನ ಹಿರಿಯರನ್ನು ನಾವೆಲ್ಲ ಕುವೈತಣ್ಣ ಅಂತಲೇ ಕರೆಯುವುದು. ಉಡುಪಿ ಕಡೆಯವರು. ಹುಡುಗನಾಗಿ ಮುಂಬೈಗೆ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, 1978ರಲ್ಲಿ ಕುವೈತಿಗೆ ಹೋದವರು. ಮೊನ್ನೆ ದುಬೈಯಲ್ಲಿರುವ ಮಗ ಅವರಿಗೊಂದು ಕಾಗದ ಕಳಿಸಿದ್ದಾನೆ. ನಿವೃತ್ತರಿಗೆ ವೀಸಾ ಕೊಡುವ ದೇಶಗಳ ಪಟ್ಟಿ ಅದು. ದುಬೈ, ಮಲೇಶಿಯಾ, ಥಾಯ್ಲೆಂಡ್, ಹೀಗೆ. ಕುವೈತಣ್ಣ ಕನ್ನಡಕ ಏರಿಸಿ ಓದಿ ನಕ್ಕರು. "ಮೂವತ್ತೈದು ವರ್ಷ ದುಡಿಯಲಿಕ್ಕೆ ವೀಸಾ ಕೇಳಿದ್ದಾಯಿತು. ಇನ್ನು ಸುಮ್ಮನೆ ಕೂರಲಿಕ್ಕೂ ವೀಸಾ ಕೇಳಬೇಕಾ ಮಾರಾಯಾ?" ಮಾತು ತುಳುವಿನಲ್ಲಿ ಬಂದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಕರಾವಳಿಯವರು ಮುಂಬೈಗೆ ಬಂದು ನೂರು ವರ್ಷದ ಮೇಲಾಯಿತು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದೇ 1902ರಲ್ಲಿ. ಅದರ ಶಾಲೆ ಕಾಲೇಜು ಇವತ್ತು ನಮ್ಮ ಅಂಧೇರಿ ಪಶ್ಚಿಮದಲ್ಲೇ ಇವೆ. ಬರುವವನಿಗೆ ಕೆಲಸ ಹೇಗೆ, ಓದು ಹೇಗೆ, ಮಲಗಲು ಜಾಗ ಹೇಗೆ ಎಂದೆಲ್ಲ ಹಿಂದಿನವರು ಯೋಚಿಸಿದರು. ಮುದುಕನಾದ ಮೇಲೆ ಏನು ಅಂತ ಯಾರೂ ತಲೆ ಕೆಡಿಸಿಕೊಂಡಂತೆ ಕಾಣದು. ಯಾಕೆಂದರೆ ಉತ್ತರ ಗೊತ್ತಿತ್ತು: ಊರಿಗೆ ಹೋಗುವುದು.

ಗಲ್ಫಿಗೆ ಹೋದವರ ಮಟ್ಟಿಗಂತೂ ಅದು ಕಾನೂನೇ ಆಗಿತ್ತು. ಅಲ್ಲಿ ಕಫೀಲನ ಹೆಸರಿನಲ್ಲಿ ವೀಸಾ. ಕೆಲಸ ಇರುವಷ್ಟು ದಿನ ವಾಸ, ಕೆಲಸ ಮುಗಿದ ದಿನ ಗಂಟುಮೂಟೆ. ಎಷ್ಟು ವರ್ಷ ದುಡಿದರೂ ಪೌರತ್ವದ ಮಾತಿಲ್ಲ, ಪರದೇಶದವರಿಗೆ ಪಿಂಚಣಿಯೂ ಇಲ್ಲ. ಇದ್ದದ್ದು ಗ್ರಾಚ್ಯುಟಿ ಮಾತ್ರ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಅದು ಮಗಳ ಮದುವೆಗೋ ಮನೆಯ ಸ್ಲ್ಯಾಬಿಗೋ ಸರಿಹೋಗುತ್ತಿತ್ತು. ಕುವೈತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2021ರ ಜನವರಿಯಿಂದ, ಅರವತ್ತು ದಾಟಿದ, ಡಿಗ್ರಿ ಇಲ್ಲದ ಪರದೇಶಿಗಳ ಪರ್ಮಿಟ್ ನವೀಕರಣವನ್ನೇ ತಡೆಯಿತು. ಆಮೇಲೆ ಅದನ್ನು ಸಡಿಲಿಸಿದರು, ಆ ಮಾತು ಬೇರೆ. ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಾಡಿ ಹೋದ ನಮ್ಮ ಎಷ್ಟು ಜನಕ್ಕೆ ಡಿಗ್ರಿ ಇತ್ತು ಹೇಳಿ!

ಈ ಬರುವ ಹೋಗುವ ಜನರಿಗೆಲ್ಲ ಹೊಸ್ತಿಲು ಅಂಧೇರಿ. ಬಜಪೆಯಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿತ್ತು, ಆದರೆ ಅಲ್ಲಿಂದ ನೇರ ಗಲ್ಫಿಗೆ ಹಾರಲು 2006ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಮಂಗಳೂರು, ಉಡುಪಿ, ಕಾಸರಗೋಡಿನ ಎಷ್ಟೋ ಜನ ಬಸ್ಸಿನಲ್ಲಿ, 1998ರ ನಂತರ ಕೊಂಕಣ ರೈಲಿನಲ್ಲಿ, ಸಹಾರಿಗೆ ಬರಬೇಕಿತ್ತು. ಸಹಾರ್ ಎಂದರೆ ನಮ್ಮ ಹಿತ್ತಿಲು. ಹಾಗಾಗಿ ಇಲ್ಲಿ ಒಂದು ಖೋಲಿ ಇದ್ದವನ ಮನೆಯೂ ಛತ್ರ. ನೆಲದ ತುಂಬ ಚಾಪೆ, ಬಾಗಿಲ ಹಿಂದೆ ಹಗ್ಗ ಬಿಗಿದ ಪೆಟ್ಟಿಗೆ, ಅದರ ಮೇಲೆ ದಪ್ಪಕ್ಷರದಲ್ಲಿ ಊರಿನ ಹೆಸರು. ವೀಸಾ ಬರುವುದನ್ನು ಕಾಯುತ್ತಾ ತಿಂಗಳುಗಟ್ಟಲೆ ಮಲಗಿದವರುಂಟು. ಕುವೈತಣ್ಣ 1985ರಲ್ಲಿ ಇಲ್ಲಿ ಫ್ಲ್ಯಾಟ್ ತೆಗೆದುಕೊಂಡದ್ದೂ ಇದೇ ಕಾರಣಕ್ಕೆ. ವಿಮಾನದಿಂದ ಇಳಿದವನಿಗೆ ರಿಕ್ಷಾ ಬಾಡಿಗೆ ಕಡಿಮೆ ಆಗಬೇಕು!

1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಬ್ಯಾಂಕಿನಲ್ಲಿದ್ದ ದಿನಾರ್ ರಾತ್ರೋರಾತ್ರಿ ಕಾಗದವಾಯಿತು. ಬಸ್ಸಿನಲ್ಲಿ, ಲಾರಿಯಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದವರನ್ನು ಏರ್ ಇಂಡಿಯಾ ಅಲ್ಲಿಂದ ಕರೆತಂದಿತು. ಎರಡು ತಿಂಗಳಲ್ಲಿ 1,10,000ಕ್ಕೂ ಹೆಚ್ಚು ಜನ. ಆ ವಿಮಾನಗಳು ಇಳಿದದ್ದು ಇಲ್ಲಿ, ಸಹಾರಿನಲ್ಲಿ. ಕುವೈತಣ್ಣ ಒಂದು ಕೈಚೀಲ ಹಿಡಿದು ಮನೆಗೆ ನಡೆದೇ ಬಂದರಂತೆ. ರಿಕ್ಷಾಕ್ಕೆ ಕೊಡಲು ಭಾರತದ ದುಡ್ಡಿರಲಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಅದೇ ಕುವೈತಿಗೆ ಹೋದರು. ಅರವತ್ತು ತುಂಬಿದಾಗ ಬಂದವರು ಊರಿಗೆ ಹೋಗದೆ ಅಂಧೇರಿಯಲ್ಲೇ ಉಳಿದರು.

ಊರಿಗೆ ಯಾಕೆ ಹೋಗಲಿಲ್ಲ? ಇಲ್ಲಿ ಬಯಲುಸೀಮೆಯ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ತುಳುನಾಡಿನ ಬಂಟರು, ಬಿಲ್ಲವರು ಮುಂತಾದ ಹಲವು ಸಮುದಾಯಗಳಲ್ಲಿ ನಡೆದದ್ದು ಅಳಿಯಕಟ್ಟು. ಕುಟುಂಬದ ಮನೆ ಹೆಣ್ಣಿನ ಸಂತಾನದ್ದು. ಗಂಡಸು ದುಡಿದು ಹಾಕಿದರೂ ಮನೆ ಮುಂದುವರಿಯುವುದು ಅವನ ಅಕ್ಕತಂಗಿಯರ ಮಕ್ಕಳಲ್ಲಿ, ಅವನ ಹೆಂಡತಿ ಮಕ್ಕಳಿಗೆ ಅಲ್ಲಿ ಹಕ್ಕಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನಷ್ಟು ಬದಲಾಯಿಸಿತು. ಆದರೆ ಕಾನೂನು ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ. 1974ರ ಭೂಸುಧಾರಣೆ ಬಂದಾಗ, ಮುಂಬೈಯಲ್ಲಿ ಕೂತು ಗದ್ದೆ ಗೇಣಿಗೆ ಕೊಟ್ಟಿದ್ದವರ ಗದ್ದೆ ಗೇಣಿದಾರರ ಪಾಲಾಯಿತು. ಅದು ನ್ಯಾಯವೇ, ನಾನು ಅದಕ್ಕೆ ಅಳುವುದಿಲ್ಲ. ಹೀಗೆ ಗದ್ದೆಯೂ ಇಲ್ಲ, ಮನೆ ತಂಗಿಯದ್ದು. ಕುವೈತಣ್ಣ ವರ್ಷಕ್ಕೊಮ್ಮೆ ನೇಮಕ್ಕೆ ಹೋಗಿ, ತನ್ನ ದುಡ್ಡಿನ ಸ್ಲ್ಯಾಬಿನ ಕೆಳಗೆ ನೆಂಟರ ಹಾಗೆ ಎರಡು ದಿನ ಇದ್ದು ಬರುತ್ತಾರೆ.

ಈಗ ಮಗನ ಕಾಗದಕ್ಕೆ ಬರೋಣ. ಮುಪ್ಪಿನವರನ್ನು ಹಣಕ್ಕಾಗಿ ಕರೆಯುವ ಈ ವ್ಯಾಪಾರ ಹೊಸದೇನಲ್ಲ. ಮಧ್ಯ ಅಮೆರಿಕದ ಕೋಸ್ಟಾರಿಕಾ 1971ರಲ್ಲೇ ಪಿಂಚಣಿದಾರರಿಗೆ ಕಾನೂನು ಮಾಡಿತು. ಫಿಲಿಪ್ಪೀನ್ಸ್ 1985ರಲ್ಲಿ ಇದಕ್ಕೆಂದೇ ಒಂದು ಸರಕಾರಿ ಪ್ರಾಧಿಕಾರ ತೆರೆಯಿತು. ಜಪಾನಿನದ್ದು ಇನ್ನೂ ಸ್ವಾರಸ್ಯ. 1986ರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆ, ಸ್ಪೇನ್ ಮೊದಲಾದ ಕಡೆ ಜಪಾನೀ ನಿವೃತ್ತರಿಗೆ ಊರುಗಳನ್ನೇ ಕಟ್ಟುವ ಯೋಜನೆ ಮಾಡಿತು. ಕಾರು ಟೀವಿ ಆಯಿತು, ಇನ್ನು ಮುದುಕರನ್ನೂ ರಫ್ತು ಮಾಡುತ್ತೀರಾ ಅಂತ ಜಗತ್ತು ಬೈದ ಮೇಲೆ ಸುಮ್ಮನಾದರು. ಮಲೇಶಿಯಾ 1996ರಲ್ಲಿ 'ಸಿಲ್ವರ್ ಹೇರ್' ಎಂದು ಶುರು ಮಾಡಿ, 2002ರಲ್ಲಿ 'ಮಲೇಶಿಯಾ ಮೈ ಸೆಕೆಂಡ್ ಹೋಮ್' ಎಂದು ಹೆಸರು ಬದಲಿಸಿತು.

ನಮ್ಮವರು ಆಗ ಈ ಸಾಲಿನಲ್ಲಿ ನಿಲ್ಲುವಂತೆಯೇ ಇರಲಿಲ್ಲ. ಭಾರತದಲ್ಲಿದ್ದವರು ಸ್ವಂತ ಉಳಿತಾಯವನ್ನು ಹೊರಗೆ ಕಳಿಸಲು ರಿಸರ್ವ್ ಬ್ಯಾಂಕ್ ಉದಾರ ಯೋಜನೆ ತಂದದ್ದು 2004ರಲ್ಲಿ, ಅದೂ ವರ್ಷಕ್ಕೆ 25,000 ಡಾಲರ್. ಈಗ ಎರಡೂವರೆ ಲಕ್ಷ ಡಾಲರ್ ಆಗಿದೆ.

ಬೆಂಚಿನಲ್ಲಿ ಕೂತು ಲೆಕ್ಕ ಹಾಕಿದೆವು. ದುಬೈ 2020ರಲ್ಲಿ ತೆರೆದ ನಿವೃತ್ತಿ ವೀಸಾ 55 ದಾಟಿದವರಿಗೆ, ಐದು ವರ್ಷಕ್ಕೆ. ಆಗ ಕೇಳಿದ್ದು ತಿಂಗಳಿಗೆ 20,000 ದಿರ್ಹಂ ಆದಾಯ, ಇಲ್ಲವೇ ಹತ್ತು ಲಕ್ಷ ದಿರ್ಹಂ ಉಳಿತಾಯ, ಇಲ್ಲವೇ ಇಪ್ಪತ್ತು ಲಕ್ಷದ ಆಸ್ತಿ. ತಿಂಗಳಿಗೆ ನಾಲ್ಕು ಲಕ್ಷ ರೂಪಾಯಿ ಬರುವವನು ದುಬೈಗೆ ಯಾಕೆ ಹೋಗಬೇಕು ಅಂತ ಕುವೈತಣ್ಣನ ಪ್ರಶ್ನೆ. ಮಲೇಶಿಯಾ 2021ರಲ್ಲಿ ಒಮ್ಮೆಲೇ ಬಿಗಿ ಮಾಡಿ, ತಿಂಗಳ ಆದಾಯ 10,000 ರಿಂಗಿಟ್ ಇದ್ದದ್ದನ್ನು 40,000 ಮಾಡಿತು. 2024ರಲ್ಲಿ ಮತ್ತೆ ಬದಲಾಯಿಸಿ ಬೆಳ್ಳಿ, ಚಿನ್ನ, ಪ್ಲಾಟಿನಂ ಅಂತ ಮೂರು ದರ್ಜೆ ಇಟ್ಟಿತು. ಬೆಳ್ಳಿಗೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಜೊತೆಗೆ ಅಲ್ಲೊಂದು ಮನೆ ಕೊಳ್ಳಬೇಕು. ಪಟ್ಟಿಯಲ್ಲಿ ಕೈಗೆಟುಕುವುದು ಥಾಯ್ಲೆಂಡ್ ಮಾತ್ರ. ವಯಸ್ಸು 50, ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್, ಅಂದರೆ ಇಪ್ಪತ್ತು ಲಕ್ಷ ರೂಪಾಯಿಯ ಮೇಲೆ. ಆದರೆ ವರ್ಷ ವರ್ಷ ನವೀಕರಣ, 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. "ಪೊಲೀಸ್ ಠಾಣೆಗೆ ಸಹಿ ಹಾಕಲಿಕ್ಕೆ ಹೋದ ಹಾಗೆ," ಅಂದರು.

ಈ ಲೆಕ್ಕದಲ್ಲಿ ನನಗೆ ಕಂಡದ್ದು ಒಂದೇ. ಪಿಂಚಣಿ ಇರುವ ದೇಶದ ಮುದುಕರಿಗಾಗಿ ಹೊಲಿದ ಅಂಗಿ ಇದು. ಇಂಗ್ಲೆಂಡಿನವನಿಗೆ ತಿಂಗಳಿಗೆ ಪೌಂಡ್ ಬರುತ್ತದೆ, ಅವನು ಅದನ್ನು ಎಲ್ಲಿ ಬೇಕಾದರೂ ಕೂತು ತಿನ್ನಬಹುದು. ನಮ್ಮ ಗಲ್ಫಿನವನ ದುಡಿಮೆ ಸ್ಲ್ಯಾಬಾಗಿ, ಮದುವೆಯಾಗಿ, ಅಂಧೇರಿಯ ಗೋಡೆಯಾಗಿ ನಿಂತುಬಿಟ್ಟಿದೆ. ಕಾಗದದ ಮೇಲೆ ಅವನು ಕೋಟ್ಯಧಿಪತಿ, ತಿಂಗಳ ಆದಾಯ ಕೇಳಿದರೆ ಬ್ಯಾಂಕಿನ ಬಡ್ಡಿ.

ಮಗನಿಗೆ ಇನ್ನೊಂದು ದಾರಿ ಇದೆ. ದುಬೈಯಲ್ಲಿ ಮಗ ತಂದೆತಾಯಿಯನ್ನು ಪ್ರಾಯೋಜಿಸಬಹುದು. ಸಂಬಳ ಸಾಕಷ್ಟಿರಬೇಕು, ಆರೋಗ್ಯ ವಿಮೆ ಕಟ್ಟಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ಮಗನ ಕೆಲಸ ಹೋದರೆ ಮೂವರೂ ಹೊರಡಬೇಕು. ಕುವೈತಣ್ಣ ಇದಕ್ಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ನೆತ್ತಿಯ ಮೇಲೆ ಒಂದು ವಿಮಾನ ಇಳಿದು ಹೋಯಿತು. "ಮೊದಲು ಅರಬ್ಬಿ ಕಫೀಲ," ಅಂದರು, "ಇನ್ನು ಮಗನೇ ಕಫೀಲ."

ಅಷ್ಟರಲ್ಲಿ ಅತ್ತಿಗೆ ತರಕಾರಿ ಚೀಲ ಹಿಡಿದು ಬಂದರು. ಅವರದ್ದೂ ಅಳಿಯಕಟ್ಟಿನ ಕುಟುಂಬ. ಕಾಪುವಿನ ಕಡೆ ಅವರ ತಾಯಿ ಮನೆಯ ಚಾವಡಿ, ಎರಡು ಕೋಣೆ ಪಾಲಿನಲ್ಲಿ ಅವರಿಗೇ ಬಂದಿದೆ. ಬಾವಿಗೆ ಪಂಪು ಕೂರಿಸಿ ಆಗಿದೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಅವತ್ತೇ.

"ನೀವು ಥಾಯ್ಲೆಂಡಿಗಾದರೂ ಹೋಗಿ, ದುಬೈಗಾದರೂ ಹೋಗಿ. ಕಟ್ಟಡ ಒಡೆಯುವ ದಿನ ನಾನು ನನ್ನ ಮನೆಗೆ ಹೋಗುತ್ತೇನೆ. ಅಲ್ಲಿ ನನಗೆ ಯಾರ ವೀಸಾವೂ ಬೇಡ."

"ಮತ್ತೆ ನಾನು?" ಅಂದರು ಕುವೈತಣ್ಣ.

"ನೀವು ಬಂದರೆ ಬೇಡ ಅನ್ನುತ್ತೇನಾ? ಮನೆ ನನ್ನದು, ನಾನು ಹೇಳಿದ ಹಾಗೆ ಇರಬೇಕು, ಅಷ್ಟೆ."

ಮತ್ಸ್ಯಗಂಧದಲ್ಲಿ ಎರಡು ಟಿಕೆಟ್ ಆಗಿದೆ ಅಂತ ಮೊನ್ನೆ ಗೊತ್ತಾಯಿತು. ಮನೆ ನೋಡಿ ಬರಲಿಕ್ಕೆ ಅಂತೆ. ವಾಪಸು ಟಿಕೆಟ್ ಅತ್ತಿಗೆ ತೆಗೆಸಿಲ್ಲ. ಕುವೈತಣ್ಣ ಮಾತ್ರ ಗೇಟಿನ ಹತ್ತಿರ ನಿಂತು, ತನಗೊಂದು ತೆಗೆಸು ಅಂತ ಮಗನಿಗೆ ಮೆಲ್ಲಗೆ ಫೋನ್ ಮಾಡುತ್ತಿದ್ದರು.