ಮನೆಪಾಠಕ್ಕೆ ಬಂದ ಅಕ್ಷರಗುಂಡು

ಶಾಲೆಯ ಪಠ್ಯಪುಸ್ತಕಗಳಲ್ಲಿ ಬ್ರಹ್ಮಗಿರಿ ಸಾಮಾನ್ಯವಾಗಿ ಒಂದು ಹೆಸರು ಮಾತ್ರ. ಅಶೋಕನ ಶಾಸನಗಳು ದೊರೆತ ಊರುಗಳ ಸಾಲಿನಲ್ಲಿ ಮಸ್ಕಿ, ಕೊಪ್ಪಳಗಳ ಜೊತೆ ಅದೂ ಬಂದು ಹೋಗುತ್ತದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಬೇಸಿಗೆ ರಜೆಯ ಹೊತ್ತಿಗೆ ಮರೆಯುತ್ತಾರೆ. ಆ ಬಂಡೆ ತಮ್ಮದೇ ತಾಲ್ಲೂಕಿನಲ್ಲಿರುವ ಮೊಳಕಾಲ್ಮುರಿನ ಮಕ್ಕಳ ಪಾಡೂ ಇದಕ್ಕಿಂತ ಬೇರೆಯಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಶಾಸನಗಳು ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಪಕ್ಕದ ಚಳ್ಳಕೆರೆಯಿಂದಲೂ ಒಂದು ಹಗಲಿನಲ್ಲಿ ಹೋಗಿ ಬರಬಹುದು.

ಮಕ್ಕಳಿಗೆ ಮನೆಯಲ್ಲೇ ಕಲಿಸುವ ಪದ್ಧತಿಯ ಮಾತು ಈಚೆಗೆ ನಗರಗಳಲ್ಲಿ ಹೆಚ್ಚು ಕೇಳಿಬರುತ್ತಿದೆ. ಅಮೆರಿಕದಲ್ಲಿ ಜಾನ್ ಹೋಲ್ಟ್ ಎಂಬ ಶಿಕ್ಷಕ 1977ರಲ್ಲಿ ಇದಕ್ಕೆಂದೇ ಒಂದು ಪತ್ರಿಕೆ ಆರಂಭಿಸಿದ್ದ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮನೆಪಾಠದ ಬಗ್ಗೆ ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಶಾಲೆಗೆ ಹೋಗದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪರೀಕ್ಷೆ ಬರೆಯುವ ದಾರಿಯಿದೆ. ಬಯಲುಸೀಮೆಯ ಬಹುಪಾಲು ಮನೆಗಳಿಗೆ ಈ ಚರ್ಚೆ ದೂರದ್ದು. ಆದರೆ 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ, 'ಚಂದನ' ವಾಹಿನಿಯ 'ಸಂವೇದ' ಪಾಠಗಳ ಎದುರು ಮಕ್ಕಳನ್ನು ಕೂರಿಸಿದ ತಾಯ್ತಂದೆಯರೆಲ್ಲ ಒಂದಿಷ್ಟು ಕಾಲ ಮೇಷ್ಟರಾದರು. ಗಣಿತ, ವಿಜ್ಞಾನಕ್ಕೆ ಅವರು ತಡವರಿಸಿದ್ದು ಸಹಜ. ಇತಿಹಾಸದ ವಿಷಯ ಹಾಗಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಊರ ಹೊರಗಿನ ಬಂಡೆಯ ಮೇಲೂ ಇದೆ, ಕೈಯಲ್ಲಿರುವ ಮೊಬೈಲ್‌ನಲ್ಲೂ ಇದೆ.

ಮೊಬೈಲ್‌ನಲ್ಲಿರುವುದೇನು? ಇಂಟರ್‌ನೆಟ್ ಆರ್ಕೈವ್ ಎಂಬ ಅಂತರ್ಜಾಲದ ಭಂಡಾರದಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಉಚಿತವಾಗಿ ಸಿಗುತ್ತವೆ. ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಹುಡುಕುವಾಗ ಒಂದು ತೊಡಕಿದೆ. ಇಂದಿನ ಕಾಗುಣಿತದಲ್ಲಿ ಚಿತ್ರದುರ್ಗ ಎಂದು ಟೈಪ್ ಮಾಡಿದರೆ ಅದು ಕಣ್ಣಿಗೆ ಬೀಳದಿರಬಹುದು. ಬ್ರಿಟಿಷರು ಬರೆಯುತ್ತಿದ್ದಂತೆ 'ಚಿತಲ್‌ದ್ರೂಗ್' ಎನ್ನಬೇಕು. ಸಂಪುಟ ತಾಲ್ಲೂಕುವಾರು ಜೋಡಣೆಯಾಗಿದೆ. ಚಳ್ಳಕೆರೆ, ಮೊಳಕಾಲ್ಮುರಿಗೆ ಪ್ರತ್ಯೇಕ ಭಾಗಗಳಿವೆ. ತನ್ನ ಊರಿನ ಹೆಸರು ಅಲ್ಲಿದೆಯೇ ಎಂದು ಮಗು ಹುಡುಕತೊಡಗಿದರೆ ಆ ಸಂಜೆಯ ಪಾಠ ಅರ್ಧ ಮುಗಿದಂತೆಯೇ.

ಈ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಜೇಮ್ಸ್ ಪ್ರಿನ್ಸೆಪ್ ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿದ್ದೂ ಅದೇ ವರ್ಷ! ಪುರಾತತ್ವ ಇಲಾಖೆಗೆ ಬರುವ ಮುನ್ನ ರೈಸ್ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು. ಹಳ್ಳಿಗಳ ಶಾಲೆಗಳನ್ನು ನೋಡಲು ಹೋದವರಿಗೆ ದಾರಿಯುದ್ದಕ್ಕೂ ಕಲ್ಲಿನ ಮೇಲಿನ ಬರಹಗಳು ಕಂಡವು. ಮೊಳಕಾಲ್ಮುರಿನ ಮೂರು ಅಶೋಕ ಶಾಸನಗಳನ್ನು ಅವರು ಬೆಳಕಿಗೆ ತಂದದ್ದು 1892ರಲ್ಲಿ. ಊರವರಿಗೆ ಬಂಡೆ ಹೊಸತೇನಲ್ಲ, ಬ್ರಹ್ಮಗಿರಿಯದನ್ನು ಅವರು 'ಅಕ್ಷರಗುಂಡು' ಎಂದೇ ಕರೆಯುತ್ತಿದ್ದರು. ಅದರಲ್ಲಿ ಏನು ಬರೆದಿದೆ ಎಂಬುದಷ್ಟೇ ಗೊತ್ತಿರಲಿಲ್ಲ.

ಬರೆದಿರುವುದು ಒಂದು ಕಾಗದ, ಅಂದರೆ ಪತ್ರ. ಮಕ್ಕಳ ಕೈಗೆ ಇದನ್ನು ಕೊಡಬೇಕಾದದ್ದು ಹೀಗೆಯೇ ಎಂದು ನನಗನ್ನಿಸುತ್ತದೆ. ಶಾಲೆಯಲ್ಲಿ ಪತ್ರಲೇಖನ ಕಲಿತ ಯಾವ ಮಗುವಾದರೂ ಅದರ ಭಾಗಗಳನ್ನು ಗುರುತಿಸಬಲ್ಲದು. ಇಂದ: ಸುವರ್ಣಗಿರಿಯ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು. ಗೆ: ಇಸಿಲದ ಮಹಾಮಾತ್ರರು. ಮೊದಲು ಕ್ಷೇಮ ವಿಚಾರಣೆ, ಆಮೇಲೆ ದೇವಾನಾಂಪ್ರಿಯ ರಾಜನ ಸಂದೇಶ. ರಾಜನ ಹೆಸರು ಅಶೋಕ ಎಂದು ಇಲ್ಲಿ ಇಲ್ಲ. ಆ ಹೆಸರೇ ಇರುವ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ, 1915ರಲ್ಲಿ. ಸಂದೇಶದ ಕೊನೆಯ ಭಾಗ ಮನೆಪಾಠದವರಿಗೆಂದೇ ಬರೆದಂತಿದೆ. ತಾಯ್ತಂದೆಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಇದು ಹಿಂದಿನಿಂದ ಬಂದ ನಡಾವಳಿ ಎಂಬುದು ಅದರ ಸಾರ. ಅದು ಮುಗಿದ ಮೇಲೆ ಬರೆದವನ ಸಹಿ. ಅವನ ಹೆಸರು ಚಪಡ. ಅವನು ಪತ್ರವನ್ನೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರನಿಂದ' ಎಂಬರ್ಥದ ಒಂದೇ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಇಲ್ಲಿಯ ಜನರಿಗೆ ಓದಲು ಬಾರದ್ದು. ಆ ದೂರದ ಸೀಮೆಯ ಅಕ್ಷರ ಕಲಿತವನೊಬ್ಬ ಚಿನ್ನಹಗರಿಯ ದಂಡೆಗೆ ಹೇಗೆ ಬಂದ, ತನ್ನ ವಿದ್ಯೆಯನ್ನು ತೋರಿಸಲೆಂದೇ ಹೀಗೆ ಬರೆದನೇ? ಹತ್ತು ವರ್ಷದ ಮಗು ಈ ಪ್ರಶ್ನೆ ಕೇಳದೇ ಇರದು. 1925ರಲ್ಲಿ ಪ್ರಕಟವಾದ ಹುಲ್ಟ್ಜ್ ಅವರ ಅಶೋಕ ಶಾಸನ ಸಂಪುಟವೂ ಅಂತರ್ಜಾಲದಲ್ಲಿದೆ. ಅದರಲ್ಲಿರುವ ಶಾಸನದ ಅಚ್ಚುಪಡಿಯನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿದರೆ, ಕೊನೆಯ ಸಾಲಿನ ಆ ಪದ ಬೇರೆಯದೇ ಬಳುಕಿನದೆಂದು ಕಣ್ಣಿಗೇ ತಿಳಿಯುತ್ತದೆ.

ಇಷ್ಟೆಲ್ಲ ಉಚಿತವಾಗಿ ಸಿಗುವುದಕ್ಕೆ ಒಂದು ಕಾರಣವಿದೆ. ಆ ಕಾರಣವೇ ಅಪಾಯವೂ ಹೌದು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡು 60 ವರ್ಷ ಕಳೆದ ಮೇಲೆ ಪುಸ್ತಕ ಎಲ್ಲರ ಸ್ವತ್ತಾಗುತ್ತದೆ. ಸರಕಾರಿ ಪ್ರಕಟಣೆಗಾದರೆ ಅಚ್ಚಾಗಿ 60 ವರ್ಷ. ಹಾಗಾಗಿ ಅಂತರ್ಜಾಲದ ಉಚಿತ ಕಪಾಟಿನಲ್ಲಿ ಸುಲಭವಾಗಿ ಸಿಗುವುದು ಹಳೆಯ ಪುಸ್ತಕಗಳೇ. ಅವುಗಳಲ್ಲಿನ ತಿಳಿವಳಿಕೆಯೂ ಆ ಕಾಲದ್ದೇ.

ಉದಾಹರಣೆ ಬ್ರಹ್ಮಗಿರಿಯಲ್ಲೇ ಇದೆ. ಮೈಸೂರಿನ ಡಾ. ಎಂ.ಎಚ್. ಕೃಷ್ಣ 1940ರ ದಶಕದ ಆರಂಭದಲ್ಲಿ ಇಲ್ಲಿ ಅಗೆತ ನಡೆಸಿದ್ದರು. 1947ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬಂದರು. ನೆಲದ ಪದರಗಳನ್ನು ಒಂದೊಂದಾಗಿ ಬಿಡಿಸಿ, ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಎಲ್ಲಕ್ಕೂ ಮೇಲೆ ಶಾತವಾಹನ ಕಾಲದವರು ಎಂದು ತೋರಿಸಿದರು. ಕಾಲ ನಿರ್ಣಯಕ್ಕೆ ಅವರಿಗೆ ಆಧಾರವಾದದ್ದು ಪುದುಚೇರಿ ಬಳಿಯ ಅರಿಕಮೇಡು. ಅಲ್ಲಿ ರೋಮಿನ ಮಡಕೆಗಳ ಜೊತೆ ಸಿಕ್ಕಿದ್ದ ಒಂದು ಬಗೆಯ ಗೀರುಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ರೋಮಿನ ಮಡಕೆಯ ಕಾಲ ಗೊತ್ತು, ಹಾಗಾಗಿ ಆ ಪದರದ ಕಾಲವೂ ಗೊತ್ತಾಯಿತು. ಅಲ್ಲಿಂದ ಕೆಳಕ್ಕೆ ಅಂದಾಜು ಹಾಕುತ್ತ ಹೋದ ವೀಲರ್, ಕಲ್ಲುಕೊಡಲಿಯ ಜನರ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಆರಂಭವಾಯಿತು ಎಂದರು. ಎರಡೇ ವರ್ಷದಲ್ಲಿ, 1949ರಲ್ಲಿ, ಇಂಗಾಲದಿಂದ ಕಾಲ ಅಳೆಯುವ ವಿಧಾನ ಅಮೆರಿಕದಲ್ಲಿ ಬಂತು. ಮುಂದೆ ದಕ್ಷಿಣದ ಇಂಥದ್ದೇ ನೆಲೆಗಳ ಇದ್ದಿಲನ್ನು ಅಳೆದಾಗ ಆ ಜನರ ಕಾಲ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ವೀಲರ್ ವರದಿ ಇಂದೂ ಅಂತರ್ಜಾಲದಲ್ಲಿ ಹಳೆಯ ಅಂಕಿಗಳೊಂದಿಗೇ ಇದೆ. ತಿದ್ದುಪಡಿ ಆ ಪುಟದಲ್ಲಿಲ್ಲ. ಹಾಗೆಂದು ಮಗುವಿಗೆ ಅದನ್ನು ತೋರಿಸಬಾರದೆಂದಲ್ಲ. ವೀಲರ್ ಹೇಗೆ ಎಣಿಸಿದರು, ಎಲ್ಲಿ ತಪ್ಪಿದರು ಎಂಬುದು ಸರಿಯಾದ ಇಸವಿಗಿಂತ ದೊಡ್ಡ ಪಾಠ. ಆದರೆ ಪಕ್ಕದಲ್ಲಿ ಕುಳಿತ ದೊಡ್ಡವರಿಗೆ ಅದು ಗೊತ್ತಿರಬೇಕು.

ಇನ್ನೊಂದು ತೊಡಕು ಭಾಷೆಯದು. ರೈಸ್ ಸಂಪುಟದಲ್ಲಿ ಶಾಸನಗಳ ಪಾಠ ಕನ್ನಡ ಲಿಪಿಯಲ್ಲೂ ಇದೆ, ಅನುವಾದ ಮಾತ್ರ ಇಂಗ್ಲಿಷಿನಲ್ಲಿ. ವೀಲರ್ ವರದಿಯಂತೂ ಪೂರ್ತಿ ಇಂಗ್ಲಿಷ್. ಆಂಧ್ರದ ಗಡಿಗೆ ಅಂಟಿಕೊಂಡ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಕನ್ನಡದ ಜೊತೆ ತೆಲುಗಿನ ಮಾತೂ ನಡೆಯುತ್ತದೆ, ಇಂಗ್ಲಿಷ್ ಮಾತ್ರ ಹೊರಗಿನದು. ತಮ್ಮ ಹಿತ್ತಲಿನ ಚರಿತ್ರೆಯನ್ನು ಪರಭಾಷೆಯಲ್ಲಿ ಓದಬೇಕಾದ ವಿಪರ್ಯಾಸ ಇದು. ಕನ್ನಡದಲ್ಲಿ 2009ರಲ್ಲಿ ಆರಂಭವಾದ 'ಕಣಜ' ಜ್ಞಾನಕೋಶ, ವಿಕಿಪೀಡಿಯದ ಕನ್ನಡ ಪುಟಗಳು ಸ್ವಲ್ಪ ನೆರವಾಗುತ್ತವೆ. ಸಾಲದು.

ಅಂತರ್ಜಾಲಕ್ಕೆ ಹೆಚ್ಚಾಗಿ ಏರದೇ ಉಳಿದ ಚರಿತ್ರೆಯೂ ಇದೆ. ರೈಸ್ ಕಲ್ಲನ್ನು ಓದಿದರು, ವೀಲರ್ ಮಣ್ಣನ್ನು ಓದಿದರು. ಮ್ಯಾಸಬೇಡರ ಗಾದರಿ ಪಾಲನಾಯಕನ ಕಥೆ, ಕಾಡುಗೊಲ್ಲರ ಜುಂಜಪ್ಪನ ಕಥೆ ಕಲ್ಲಿನಲ್ಲೂ ಇಲ್ಲ, ಮಣ್ಣಿನಲ್ಲೂ ಇಲ್ಲ. ಅವು ಬಾಯಲ್ಲಿವೆ. ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಗೌರವ ಪಡೆದ ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಮೊಬೈಲ್‌ನಲ್ಲಿ ಪುಸ್ತಕ ಓದಲು ಬರುವಂತೆಯೇ ಧ್ವನಿ ಮುದ್ರಿಸಲೂ ಬರುತ್ತದೆ. ಮನೆಯ ಅಜ್ಜಿಯನ್ನು ಕೂರಿಸಿ, ಬರಗಾಲದ ವರ್ಷಗಳು ಯಾವುವು, ದನಗಳನ್ನು ಯಾವ ಕಾವಲಿಗೆ ಹೊಡೆಯುತ್ತಿದ್ದರು ಎಂದು ಕೇಳುವ ಕೆಲಸವನ್ನು ಮಗುವಿಗೇ ವಹಿಸಬಹುದು. ಅಮೃತಮಹಲ್ ಕಾವಲಿನ ಒಂದು ಭಾಗದಲ್ಲಿ, ಕುದಾಪುರದ ಬಳಿ, ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದ ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಮುಂದಿದ್ದುದೂ ಅದೇ ಸಂಸ್ಥೆ.

ಹೊರಡುವವರು ಜಟಿಂಗ ರಾಮೇಶ್ವರವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂದು ಸ್ಥಳದ ಐತಿಹ್ಯ. ಮೂರು ಶಾಸನಗಳಲ್ಲಿ ತೀರಾ ಸವೆದಿರುವುದು ಈ ಬೆಟ್ಟದ ಮೇಲಿನದು. ಜಾತ್ರೆಗೆ ಬಂದ ಬಳೆಗಾರರು ಆ ಬಂಡೆಯ ಮೇಲೆ ಮಲಾರ ಬಿಚ್ಚಿ ಕೂರುತ್ತಿದ್ದರಂತೆ, ಅದಕ್ಕೇ 'ಬಳೆಗಾರ ಗುಂಡು' ಎಂಬ ಹೆಸರು ಬಂತೆಂದು ರೈಸ್ ಕಾಲದಲ್ಲೇ ದಾಖಲಾಗಿದೆ. ಇಲ್ಲಿ ಮಗು ಮೊಬೈಲ್ ತೆಗೆದು ಹುಲ್ಟ್ಜ್ ಪುಟವನ್ನು ಬಂಡೆಯ ಪಕ್ಕಕ್ಕೆ ಹಿಡಿಯಲಿ. ಯಾವ ಸಾಲಿನಲ್ಲಿ ಎಷ್ಟು ಅಕ್ಷರ ಉಳಿದಿದೆ ಎಂದು ಎಣಿಸಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಲಿ.