ಅನಾಥ ನಾಯಿಗಳ ರಂಗಪ್ರವೇಶ

ಅಮೆರಿಕದ ಚಲಚ್ಚಿತ್ರಗಳಲ್ಲಿಯೂ ನಾಟಕಶಾಲೆಗಳಲ್ಲಿಯೂ ಹೆಸರುಗೊಂಡ ನಾಯಿಗಳ ಪೂರ್ವವೃತ್ತಾಂತವನ್ನು ಅರಸಹೊರಟವರಿಗೆ ಕುಲೀನತೆಗಿಂತ ಅನಾಥತೆಯೇ ಹೆಚ್ಚಾಗಿ ಕಾಣಬರುವುದು. 1918ನೆಯ ಇಸವಿಯ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಲೊರೇನ್ ಪ್ರಾಂತದೊಳಗೆ, ಯುದ್ಧದಲ್ಲಿ ಹಾಳಾಗಿದ್ದ ನಾಯಿಮನೆಯೊಂದರಲ್ಲಿ ಲೀ ಡಂಕನ್ ಎಂಬ ಅಮೆರಿಕದ ಸಿಪಾಯಿಗೆ ಒಂದು ತಾಯಿನಾಯಿಯೂ ಅದರ ಎಳೆಯ ಮರಿಗಳೂ ದೊರೆತುವು. ಅವುಗಳಲ್ಲಿ ಎರಡನ್ನು ಅವನು ತನಗೆಂದು ಉಳಿಸಿಕೊಂಡನು. ಒಂದು ಬೇಗನೆ ತೀರಿತು. ಮತ್ತೊಂದು ರಿನ್ ಟಿನ್ ಟಿನ್ ಎಂಬ ಹೆಸರಿನಿಂದ ವಾರ್ನರ್ ಸಂಸ್ಥೆಯ ಮೂಕಚಿತ್ರಗಳಲ್ಲಿ ಲೋಕಪ್ರಸಿದ್ಧವಾಯಿತು.

ಆ ಕಾಲದ ಶಿಕ್ಷಕನಿಗೆ ಒಂದು ಸೌಕರ್ಯವಿದ್ದಿತು. ಮೂಕಚಿತ್ರಕ್ಕೆ ಕಿವಿಯಿಲ್ಲದುದರಿಂದ ಅವನು ಯಂತ್ರದ ಮಗ್ಗುಲಲ್ಲಿಯೇ ನಿಂತು ಕೂಗಿ ಆಜ್ಞಾಪಿಸಬಹುದಾಗಿತ್ತು. ವಾಕ್ಚಿತ್ರಗಳು ಬಂದೊಡನೆ ಈ ಅನುಕೂಲ ತಪ್ಪಿತು. ಕಾರ್ಲ್ ಸ್ಪಿಟ್ಸ್ ಎಂಬ ಶಿಕ್ಷಕನು ತುಟಿಬಿಚ್ಚದೆ ಕೈಸನ್ನೆಗಳಿಂದಲೇ ನಾಯಿಗಳನ್ನು ನಡೆಯಿಸುವ ಪದ್ಧತಿಯನ್ನು ಬೆಳೆಸಿದನು. ಅವನಲ್ಲಿ ತಾಲೀಮಿಗೆಂದು ಬಿಟ್ಟಿದ್ದ ಟೆರಿ ಎಂಬ ಸಣ್ಣ ನಾಯಿಯನ್ನು ಒಡೆಯರು ಮರಳಿ ಒಯ್ಯಲೇ ಇಲ್ಲ. 1939ರ 'ದಿ ವಿಜರ್ಡ್ ಆಫ್ ಆಜ್' ಚಿತ್ರದ ಟೋಟೊ ಅದೇ.

ಆದರೆ ಎಲ್ಲ ಪ್ರಾಣಿಗಳಿಗೂ ಇಂತಹ ಶಿಕ್ಷಕರು ಸಿಕ್ಕಲಿಲ್ಲ. ಅದೇ ವರ್ಷದ 'ಜೆಸ್ಸಿ ಜೇಮ್ಸ್' ಚಿತ್ರಕ್ಕಾಗಿ ಕುದುರೆಯೊಂದನ್ನು ಎತ್ತರದ ದಂಡೆಯಿಂದ ನೀರಿಗೆ ಕೆಡವಿ ಕೊಂದರು. ಜನರು ಕೆರಳಿದ ಮೇಲೆ, 1940ರಲ್ಲಿ, ಅಮೆರಿಕದ ಪ್ರಾಣಿದಯಾಸಂಘವು ಹಾಲಿವುಡ್ಡಿನಲ್ಲಿ ತನ್ನ ಕಚೇರಿಯನ್ನು ತೆರೆಯಿತು. ಒಂದು ಜೀವ ಹೋಗುವ ತನಕ ಕಾಯಬೇಕಾದುದು ನಾಚಿಕೆಯ ಸಂಗತಿಯೇ ಸರಿ.

ರಂಗಭೂಮಿಯ ಕಷ್ಟ ಬೇರೆಯದು. ಚಿತ್ರದಲ್ಲಿ ನಾಯಿ ತಪ್ಪಿದರೆ ಮತ್ತೊಮ್ಮೆ ತೆಗೆಯಬಹುದು. ಸಾವಿರ ಜನರೆದುರಿಗೆ ಅದು ಸಾಧ್ಯವಿಲ್ಲ. 1976ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಗುಡ್‌ಸ್ಪೀಡ್ ನಾಟಕಶಾಲೆಯವರು 'ಆನಿ' ಎಂಬ ಗೀತನಾಟಕವನ್ನು ಆಡಲೆಳಸಿದಾಗ, ಅಲ್ಲಿ ಉಮೇದುವಾರನಾಗಿದ್ದ ವಿಲಿಯಂ ಬರ್ಲೋನಿ ಎಂಬ ತರುಣನಿಗೆ ನಾಯಿಯನ್ನು ಒದಗಿಸುವ ಹೊರೆ ಬಿದ್ದಿತು. ಆತನಿಗೆ ಈ ವಿದ್ಯೆಯ ಗಂಧವೂ ಇರಲಿಲ್ಲ. ಕೊಲ್ಲುವುದಕ್ಕೆ ಗೊತ್ತಾಗಿದ್ದ ಒಂದು ಬೆರಕೆ ನಾಯಿಯನ್ನು ಅವನು ಪ್ರಾಣಿಶಾಲೆಯಿಂದ 8 ಡಾಲರಿಗೆ ಕೊಂಡುತಂದನು. ಹಿಂದೆ ಪೆಟ್ಟುತಿಂದು ಬೆದರಿದ್ದ ಪ್ರಾಣಿಯದು. ಹೊಡೆದು ಕಲಿಸಹೋಗಿದ್ದರೆ ಕಲಿಯುತ್ತಿರಲಿಲ್ಲ. ಮೊದಲು ಅದರ ಭಯವನ್ನು ಬಿಡಿಸಬೇಕಾಗಿತ್ತು.

ನಾಟಕದಲ್ಲಿ ಆ ನಾಯಿಯ ಪಾತ್ರವೂ ಬೀದಿನಾಯಿಯದೇ. ಅನಾಥ ಹುಡುಗಿಯಾದ ಆನಿಯು ಅದನ್ನು ತನ್ನದೆಂದು ಪೋಲೀಸಿನವನೆದುರು ಸಾಧಿಸಬೇಕು; ಆಗತಾನೆ ಇಟ್ಟ ಸ್ಯಾಂಡಿ ಎಂಬ ಹೆಸರನ್ನು ಹಿಡಿದು ಕರೆಯುತ್ತಾಳೆ, ಅದು ಅವಳ ಬಳಿಗೆ ನಡೆದು ಬರಬೇಕು. ಬಾರದೆ ಹೋದರೆ ಕಥೆಯೇ ನಿಂತಿತು. ಹೀಗಾಗಿ ಪಾತ್ರವಹಿಸುವ ಬಾಲಿಕೆಯ ಮೇಲೆ ಅದಕ್ಕೆ ನಿಜವಾದ ಅಕ್ಕರೆ ಹುಟ್ಟುವುದು ಅಗತ್ಯವಾಯಿತು.

1977ನೆಯ ಇಸವಿ ಏಪ್ರಿಲ್ 21ರಂದು ನಾಟಕವು ನ್ಯೂಯಾರ್ಕಿನ ಬ್ರಾಡ್‌ವೇಯನ್ನು ಸೇರಿ, 1983ರ ಜನವರಿಯ ವರೆಗೆ 2377 ಪ್ರಯೋಗಗಳನ್ನು ಕಂಡಿತು. ಬರ್ಲೋನಿ ಆ ಬಳಿಕ ಇತರ ನಾಟಕಗಳಿಗೂ ಅನಾಥಾಲಯಗಳ ಪ್ರಾಣಿಗಳನ್ನೇ ಆರಿಸಿ ತಂದನು. ಸ್ಯಾಂಡಿ ಅವನ ಮನೆಯಲ್ಲಿಯೇ ಮುದಿಯಾಗಿ 1990ರಲ್ಲಿ ತೀರಿಕೊಂಡಿತು.