ಗೆರೆಯ ಒಳಗಿನ ಶಾಲೆ

2012ರ ಚಳಿಗಾಲದಲ್ಲಿ ನಾವು ಮನೆ ಹುಡುಕುತ್ತಿದ್ದೆವು. ಹೆಂಡತಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ಕೆಲಸ, ಮಗಳಿಗೆ ನಾಲ್ಕೂವರೆ ವರ್ಷ. ಪಶ್ಚಿಮ ಫಿಲಡೆಲ್ಫಿಯಾದ ನಮ್ಮ ಬಾಡಿಗೆ ಮನೆಯಿಂದ ಟ್ರಾಲಿ ಹತ್ತಿದರೆ ಹದಿನೈದು ನಿಮಿಷಕ್ಕೆ ಕ್ಯಾಂಪಸ್ಸು. ಅಲ್ಲೇ ಒಂದು ಹಳೆಯ ಮನೆ ಕೊಳ್ಳೋಣವೆಂದು ಹೊರಟಾಗ ಏಜೆಂಟ್ ಹೆಂಗಸು ಮೊದಲು ತೋರಿಸಿದ್ದು ಮನೆಯನ್ನಲ್ಲ, ಒಂದು ನಕ್ಷೆಯನ್ನು. ಅದರ ಮೇಲೆ ಕೆಂಪು ಪೆನ್ನಿನ ಗೆರೆ ಇತ್ತು. ‘ಗೆರೆಯ ಒಳಗೆ ಬೇಕೋ ಹೊರಗೆ ಬೇಕೋ, ಮೊದಲು ಅದನ್ನು ಹೇಳಿಬಿಡಿ’ ಎಂದರು. ಒಳಗೂ ಹೊರಗೂ ಅದೇ ಮರದ ಜಗಲಿ, ಅದೇ ನೂರು ವರ್ಷದ ಇಟ್ಟಿಗೆ ಗೋಡೆ. ಬೆಲೆ ಮಾತ್ರ ಬೇರೆ.

ಅಮೆರಿಕದ ಕನ್ನಡಿಗರಿಗೆ ಇದೇನೂ ಹೊಸತಲ್ಲ. ಮನೆಯ ವಾಸ್ತು ನೋಡುವ ಮೊದಲು ಸ್ಕೂಲ್ ಡಿಸ್ಟ್ರಿಕ್ಟಿನ ಅಂಕ ನೋಡುವವರು ನಾವು. ಆದರೆ ಈ ಗೆರೆಯಲ್ಲಿ ಒಂದು ವಿಶೇಷವಿತ್ತು. ಅದು ಪೆನ್ ಅಲೆಕ್ಸಾಂಡರ್ ಎಂಬ ಸರ್ಕಾರಿ ಶಾಲೆಯ ಗಡಿ. ಫೀಸಿಲ್ಲದ ಶಾಲೆ, ಆದರೆ ಪ್ರತಿ ಮಗುವಿನ ಲೆಕ್ಕದಲ್ಲಿ ವಿಶ್ವವಿದ್ಯಾಲಯ ವರ್ಷಕ್ಕೆ ಸಾವಿರ ಡಾಲರಿನಂತೆ ಮೇಲುಹಣ ಕೊಡುತ್ತ ಬಂದ ಶಾಲೆ. ಒಂದು ವಿಶ್ವವಿದ್ಯಾಲಯ ತನ್ನ ನೆರೆಕೇರಿಯ ಪ್ರಾಥಮಿಕ ಶಾಲೆಗೆ ಯಾಕೆ ದುಡ್ಡು ಕೊಡುತ್ತದೆ? ಆ ಪ್ರಶ್ನೆಯ ಹಿಂದೆ ಬಿದ್ದು ನಾನು ಲೈಬ್ರರಿ ಸೇರಿದೆ. ಮನೆ ಕೊಳ್ಳುವ ಕೆಲಸ ಹಿಂದೆ ಬಿತ್ತು.

ಪೆನ್ ವಿಶ್ವವಿದ್ಯಾಲಯ (ಇಲ್ಲಿ ಎಲ್ಲರೂ ಹಾಗೇ ಕರೆಯುವುದು) ಮೊದಲು ಊರಿನ ನಡುವೆ ಇತ್ತು. 1872ರಲ್ಲಿ ಸ್ಕೂಕಿಲ್ ನದಿ ದಾಟಿ ಪಶ್ಚಿಮಕ್ಕೆ ಬಂತು. ಎರಡನೇ ಮಹಾಯುದ್ಧ ಮುಗಿದು ಸೈನಿಕರೆಲ್ಲ ಓದಲು ಬಂದಾಗ ಜಾಗ ಸಾಲದಾಯಿತು. ಅಷ್ಟರಲ್ಲಿ ಸುತ್ತಲಿನ ಕೇರಿಗಳಿಂದ ಬಿಳಿಯರು ಉಪನಗರಗಳಿಗೆ ಹೊರಟಿದ್ದರು, ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನ ಅಲ್ಲಿ ನೆಲೆಸಿದ್ದರು. 1959ರಲ್ಲಿ ಪೆನ್, ಡ್ರೆಕ್ಸೆಲ್ ಮತ್ತು ಅಕ್ಕಪಕ್ಕದ ವೈದ್ಯಕೀಯ ಸಂಸ್ಥೆಗಳು ಸೇರಿ ವೆಸ್ಟ್ ಫಿಲಡೆಲ್ಫಿಯಾ ಕಾರ್ಪೊರೇಷನ್ ಕಟ್ಟಿಕೊಂಡವು. ಆ ಪ್ರದೇಶಕ್ಕೆ ‘ಯೂನಿವರ್ಸಿಟಿ ಸಿಟಿ’ ಎಂದು ಹೊಸ ನಾಮಕರಣವೂ ಆಯಿತು. ಅಲ್ಲಿದ್ದವರು ತಮ್ಮ ಕೇರಿಯನ್ನು ಬ್ಲ್ಯಾಕ್ ಬಾಟಮ್ ಎನ್ನುತ್ತಿದ್ದರು. ನಗರ ನವೀಕರಣದ ಕಾನೂನಿನಡಿ ಅದನ್ನು ಹಾಳುಬಿದ್ದ ಪ್ರದೇಶವೆಂದು ಘೋಷಿಸಿ, ಮನೆ, ಅಂಗಡಿ, ಚರ್ಚುಗಳನ್ನು ಕೆಡವಿ, ವಿಜ್ಞಾನ ಕೇಂದ್ರವೊಂದಕ್ಕೂ ಹೈಸ್ಕೂಲೊಂದಕ್ಕೂ ಜಾಗ ಮಾಡಿದರು. ಕೆಲವು ಸಾವಿರ ಜನ ಚದುರಿಹೋದರು.

ನನ್ನ ತಾಯಿಯ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಸಾಗರದ ಕಡೆ ಅಂಥವರಿಗೆ ‘ಮುಳುಗಡೆಯವರು’ ಎಂದೇ ಹೆಸರು. ಅಣೆಕಟ್ಟು ಮುಗಿದದ್ದು 1964ರಲ್ಲಿ, ಹೆಚ್ಚುಕಡಿಮೆ ಈ ಕೇರಿ ಅಳಿದ ಕಾಲದಲ್ಲೇ. ನೀರಿಲ್ಲದೆಯೂ ಮುಳುಗಡೆ ಆಗುತ್ತದೆಂದು ನನಗೆ ಗೊತ್ತಾದದ್ದು ಫಿಲಡೆಲ್ಫಿಯಾದಲ್ಲಿ.

1969ರ ಫೆಬ್ರವರಿಯಲ್ಲಿ ಪೆನ್ನಿನ ವಿದ್ಯಾರ್ಥಿಗಳು ಆಡಳಿತ ಕಚೇರಿಗಳಿದ್ದ ಕಾಲೇಜ್ ಹಾಲ್‌ನಲ್ಲಿ ಆರು ದಿನ ಧರಣಿ ಕುಳಿತರು. ಅವರ ತಕರಾರು ಇದ್ದದ್ದು ಆ ವಿಜ್ಞಾನ ಕೇಂದ್ರದ ಮೇಲೆ: ಅಲ್ಲಿ ಯುದ್ಧಕ್ಕೆ ಸಂಬಂಧಿಸಿದ ಸಂಶೋಧನೆ ಬೇಡ, ಒಕ್ಕಲೆದ್ದವರಿಗೆ ಮನೆ ಬೇಕು. ಟ್ರಸ್ಟಿಗಳು ಒಪ್ಪಿದರು, ನಿವಾಸಿಗಳೂ ಇರುವ ಆಯೋಗವೊಂದು ಆಯಿತು. ಆದರೆ ಆಡಿದ ಮಾತಿಗೆ ತಕ್ಕಷ್ಟು ಮನೆಗಳು ಎದ್ದು ನಿಲ್ಲಲಿಲ್ಲ. ಆ ಧರಣಿಯ ಮುಂದಾಳುಗಳಲ್ಲಿ ಒಬ್ಬ ಐರಾ ಹಾರ್ಕವಿ ಎಂಬ ಹುಡುಗ. ಈ ಹೆಸರು ಮತ್ತೆ ಬರುತ್ತದೆ.

ಹದಿನಾರು ವರ್ಷ ಕಳೆಯಿತು. 1985ರ ವಸಂತದಲ್ಲಿ ಅದೇ ಹಾರ್ಕವಿ, ಇತಿಹಾಸದ ಪ್ರಾಧ್ಯಾಪಕ ಲೀ ಬೆನ್ಸನ್ ಮತ್ತು ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಶೆಲ್ಡನ್ ಹ್ಯಾಕ್ನಿ (ಇವರೂ ಇತಿಹಾಸಕಾರರೇ) ಒಟ್ಟಿಗೆ ಒಂದು ಸೆಮಿನಾರ್ ನಡೆಸಿದರು. ವಿಷಯ, ಪೆನ್ ಮತ್ತು ಅದರ ನೆರೆಹೊರೆಯ ಸಂಬಂಧ. ಅಧ್ಯಕ್ಷನೇ ತನ್ನ ಸಂಸ್ಥೆಯ ಚರಿತ್ರೆಯನ್ನು ವಿದ್ಯಾರ್ಥಿಗಳ ಎದುರು ಬಿಚ್ಚಿಡುವುದು ಸಣ್ಣ ವಿಷಯವಲ್ಲ. ನಮ್ಮ ಕುಲಪತಿಗಳನ್ನು ನೆನೆದುಕೊಂಡರೆ ನನಗೆ ಅಸೂಯೆಯೇ ಆಗುತ್ತದೆ. ನಿರುದ್ಯೋಗಿ ಹದಿಹರೆಯದವರಿಗೆ ಬೇಸಿಗೆಯಲ್ಲಿ ಕೆಲಸ ಕೊಟ್ಟು ಕೇರಿಯನ್ನು ಚೊಕ್ಕ ಮಾಡುವ ಯೋಜನೆಯೊಂದನ್ನು ಆ ತರಗತಿಯ ವಿದ್ಯಾರ್ಥಿಗಳು ಬರೆದರು. ವೆಸ್ಟ್ ಫಿಲಡೆಲ್ಫಿಯಾ ಇಂಪ್ರೂವ್‌ಮೆಂಟ್ ಕೋರ್, ಚಿಕ್ಕದಾಗಿ ವೆಪಿಕ್.

ಆ ಮೇ 13ರಂದು ಓಸೇಜ್ ಅವೆನ್ಯೂನಲ್ಲಿ, ಮೂವ್ ಎಂಬ ಗುಂಪು ಇದ್ದ ಮನೆಯ ಮೇಲೆ ಪೊಲೀಸರು ಹೆಲಿಕಾಪ್ಟರಿನಿಂದ ಬಾಂಬು ಹಾಕಿದರು. ಬೆಂಕಿಯನ್ನು ಉರಿಯಲು ಬಿಟ್ಟರು. ಐವರು ಮಕ್ಕಳು ಸೇರಿ ಹನ್ನೊಂದು ಜನ ಸತ್ತರು, 61 ಮನೆಗಳು ಬೂದಿಯಾದವು. ಒಂದು ನಗರ ತನ್ನದೇ ಪ್ರಜೆಗಳ ಮೇಲೆ ಬಾಂಬು ಹಾಕಿತು, ಅದೂ ವಿಶ್ವವಿದ್ಯಾಲಯದಿಂದ ಎರಡೂವರೆ ಮೈಲಿಯೊಳಗೆ. ಆ ಬೇಸಿಗೆಯಲ್ಲಿ ವೆಪಿಕ್ ಕೆಲಸಕ್ಕೆ ಇಳಿದದ್ದು ಆ ಸುಟ್ಟ ಕೇರಿಯ ಕಡೆಯ ಬ್ರಯಂಟ್ ಪ್ರಾಥಮಿಕ ಶಾಲೆಯಲ್ಲಿ. ಕಾಗದದ ಮೇಲೆ ಶಾಲೆ ಮುಖ್ಯವಾಗಿರಲಿಲ್ಲ. ಆದರೆ ಎಲ್ಲರಿಗೂ ಸೇರಿದ, ಎಲ್ಲರೂ ಕಾಲಿಡಬಹುದಾದ ಕಟ್ಟಡ ಆ ಕೇರಿಯಲ್ಲಿ ಶಾಲೆಯೇ ಆಗಿತ್ತು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು.

ಇಲ್ಲಿ ನನ್ನದೊಂದು ಹಳೆಯ ನೆನಪು ಹೇಳಬೇಕು. ನಾನು ಕಾಲೇಜಿನಲ್ಲಿ ಎನ್ನೆಸ್ಸೆಸ್ ಹುಡುಗ. ಅದು ಭಾರತದಲ್ಲಿ ಶುರುವಾದದ್ದು ಗಾಂಧಿ ಶತಮಾನೋತ್ಸವದ 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ, ಪೆನ್ನಿನ ಧರಣಿಯ ವರ್ಷವೇ. ಹತ್ತು ದಿನದ ಕ್ಯಾಂಪಿನಲ್ಲಿ ನಾವು ಹಳ್ಳಿಯ ರಸ್ತೆ ಅಗೆದೆವು, ಇಂಗುಗುಂಡಿ ತೋಡಿದೆವು, ರಾತ್ರಿ ಹಾಡಿದೆವು. ಆ ಊರಿನ ಅಂತರ್ಜಲ ಯಾಕೆ ಇಳಿಯಿತು ಎಂದು ಯಾವ ಲೆಕ್ಚರರೂ ಪಾಠದಲ್ಲಿ ಕೇಳಲಿಲ್ಲ. ಸೇವೆ ಬೇರೆ, ಸಿಲಬಸ್ಸು ಬೇರೆ. ಬಾಣಲೆ ಗುದ್ದಲಿ ವಾಪಸು ಕೊಟ್ಟು ಬಂದರೆ ಮುಗಿಯಿತು.

ಪೆನ್ನಿನಲ್ಲಿ 1990ರ ಹೊತ್ತಿಗೆ ಆದ ಬದಲಾವಣೆ ಇದರ ತಿರುವುಮುರುವು. ಮಾನವಶಾಸ್ತ್ರದ ಪ್ರಾಧ್ಯಾಪಕ ಫ್ರಾನ್ಸಿಸ್ ಜಾನ್‌ಸ್ಟನ್ ಮಕ್ಕಳ ಬೆಳವಣಿಗೆ, ಪೋಷಣೆಗಳ ತಜ್ಞರು. ಅವರು ‘ಆಂತ್ರೊಪಾಲಜಿ 210’ ಎಂಬ ತಮ್ಮ ಹಳೆಯ ಕೋರ್ಸನ್ನೇ ಟರ್ನರ್ ಮಾಧ್ಯಮಿಕ ಶಾಲೆಗೆ ಒಯ್ದರು. ವಿದ್ಯಾರ್ಥಿಗಳು ಅಲ್ಲಿನ ಮಕ್ಕಳ ಎತ್ತರ ತೂಕ ಅಳೆದರು, ಏನು ತಿನ್ನುತ್ತಾರೆಂದು ಬರೆದುಕೊಂಡರು. ಇಷ್ಟೇ ಆಗಿದ್ದರೆ ಇದೂ ಇನ್ನೊಂದು ಸರ್ವೇ. ಆದರೆ ಟರ್ನರ್ ಶಾಲೆಯ ಮಕ್ಕಳೂ ಕೆಲಸದಲ್ಲಿ ಪಾಲುದಾರರಾದರು. ಅಳೆಸಿಕೊಳ್ಳುವವರು ಅಳೆಯುವವರಾದರು, ಕಡೆಗೆ ಶಾಲೆಯಲ್ಲೇ ಹಣ್ಣು ತರಕಾರಿಯ ಅಂಗಡಿ ನಡೆಸಿದರು. ಕಾಲೇಜಿನವರಿಗೆ ಅದು ಅಂಕ ಸಿಗುವ ಪಾಠ, ಶಾಲೆಯವರಿಗೆ ಗಣಿತ, ವಿಜ್ಞಾನ ಎರಡೂ. ಇಂಥ ಕೋರ್ಸುಗಳು ಆಮೇಲೆ ಬೆಳೆದವು. 1992ರಲ್ಲಿ ಇದಕ್ಕೆಂದೇ ಒಂದು ಕೇಂದ್ರವಾಯಿತು, ಧರಣಿ ಕುಳಿತಿದ್ದ ಹಾರ್ಕವಿ ಅದರ ನಿರ್ದೇಶಕರಾದರು. 2007ರಲ್ಲಿ ನೆಟರ್ ದಂಪತಿಗಳ ದತ್ತಿಯಿಂದ ಅದು ನೆಟರ್ ಸೆಂಟರ್ ಆಯಿತು. ಅದೇ ವರ್ಷ ಸೇಯರ್ ಹೈಸ್ಕೂಲಿನ ಕಟ್ಟಡದಲ್ಲಿ ಕೇರಿಯವರಿಗೆಲ್ಲ ತೆರೆದ ಆರೋಗ್ಯ ಕೇಂದ್ರವೂ ಬಂತು.

ಇದಕ್ಕೆ ನೂರು ವರ್ಷ ಹಿಂದಿನ ಒಂದು ಎದುರು ಚಿತ್ರವಿದೆ. 1896ರಲ್ಲಿ ಇದೇ ವಿಶ್ವವಿದ್ಯಾಲಯ ಡು ಬಾಯ್ಸ್ ಅವರನ್ನು ಕರೆಸಿ, ನದಿಯಾಚೆಯ ಏಳನೇ ವಾರ್ಡಿನ ಕಪ್ಪು ಜನರ ಬದುಕನ್ನು ಅಧ್ಯಯನ ಮಾಡಿಸಿತು. ಹಾರ್ವರ್ಡಿನ ಡಾಕ್ಟರೇಟ್ ಪಡೆದವರಿಗೆ ಕೊಟ್ಟ ಹುದ್ದೆ ಸಮಾಜಶಾಸ್ತ್ರದ ‘ಸಹಾಯಕ’. ಪಾಠ ಹೇಳುವಂತಿಲ್ಲ, ಕ್ಯಾಟಲಾಗಿನಲ್ಲಿ ಹೆಸರೂ ಇಲ್ಲ. ಅವರು ಅದೇ ವಾರ್ಡಿನಲ್ಲಿ ಹೆಂಡತಿಯೊಡನೆ ಮನೆ ಮಾಡಿ, ಒಂದೊಂದೇ ಬಾಗಿಲು ತಟ್ಟಿ, 1899ರಲ್ಲಿ ‘ದಿ ಫಿಲಡೆಲ್ಫಿಯಾ ನೀಗ್ರೊ’ ಪ್ರಕಟಿಸಿದರು. ಅಮೆರಿಕದ ನಗರ ಸಮಾಜಶಾಸ್ತ್ರಕ್ಕೆ ಅದು ಅಡಿಗಲ್ಲು. ಪೆನ್ ಅವರನ್ನು ಗೌರವ ಪ್ರಾಧ್ಯಾಪಕರೆಂದದ್ದು 2012ರಲ್ಲಿ, ಅವರು ಸತ್ತು ಅರ್ಧ ಶತಮಾನವಾಗುತ್ತ ಬಂದಾಗ.

ಇನ್ನು ನಮ್ಮ ನಕ್ಷೆಯ ಶಾಲೆ. ತೊಂಬತ್ತರ ದಶಕದಲ್ಲಿ ಕ್ಯಾಂಪಸ್ಸಿನ ಸುತ್ತ ಕೊಲೆ ದರೋಡೆಗಳು ಹೆಚ್ಚಿ, ತಂದೆತಾಯಂದಿರು ಮಕ್ಕಳನ್ನು ಪೆನ್ನಿಗೆ ಕಳಿಸಲು ಹೆದರತೊಡಗಿದರು. ಆಗಿನ ಅಧ್ಯಕ್ಷೆ ಜೂಡಿತ್ ರೋಡಿನ್ ಫಿಲಡೆಲ್ಫಿಯಾದಲ್ಲೇ ಬೆಳೆದವರು. ಬೀದಿ ದೀಪ, ಅಂಗಡಿ, ಸಿಬ್ಬಂದಿಗೆ ಮನೆ ಕೊಳ್ಳಲು ಸಹಾಯಧನ, ಇವೆಲ್ಲದರ ಜೊತೆ ಒಂದು ಒಳ್ಳೆಯ ಶಾಲೆ ಎಂಬುದು ಅವರ ಯೋಜನೆ. 1998ರಲ್ಲಿ ಶಾಲಾ ಇಲಾಖೆ ಮತ್ತು ಶಿಕ್ಷಕರ ಸಂಘದೊಂದಿಗೆ ಒಪ್ಪಂದವಾಯಿತು. 42ನೇ ಬೀದಿಯಲ್ಲಿ ಹಳೆಯ ಡಿವಿನಿಟಿ ಸ್ಕೂಲಿನ ಜಾಗದಲ್ಲಿ 2001ರಲ್ಲಿ ಶಾಲೆ ತೆರೆಯಿತು. ಇಟ್ಟ ಹೆಸರು ಸೇಡಿ ಟ್ಯಾನರ್ ಮೊಸೆಲ್ ಅಲೆಕ್ಸಾಂಡರ್ ಅವರದು. 1921ರಲ್ಲಿ ಪೆನ್ನಿನಿಂದ, ಇಡೀ ದೇಶದಲ್ಲೇ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವ್ಯಕ್ತಿ ಆಕೆ.

ಶಾಲೆ ಗೆದ್ದಿತು. ಗೆದ್ದದ್ದೇ ತೊಡಕಾಯಿತು. ಚಿಕ್ಕ ತರಗತಿ, ನುರಿತ ಶಿಕ್ಷಕರು, ಬೆನ್ನಿಗೆ ವಿಶ್ವವಿದ್ಯಾಲಯ. ಗೆರೆಯೊಳಗಿನ ಮನೆಗಳ ಬೆಲೆ ಏರಿತು, ಬಾಡಿಗೆ ಏರಿತು, ತಾಳಲಾರದವರು ಹೊರಟರು. ಆಕೆಯ ಹೆಸರಿನ ಶಾಲೆಯಲ್ಲೇ ಕಪ್ಪು ಮಕ್ಕಳ ಪಾಲು ವರ್ಷದಿಂದ ವರ್ಷಕ್ಕೆ ಇಳಿಯಿತು. ಮೊದಲ ಸಲ ಬುಲ್ಡೋಜರ್ ಮಾಡಿದ ಕೆಲಸವನ್ನು ಎರಡನೇ ಸಲ ಒಂದು ಒಳ್ಳೆಯ ಶಾಲೆಯೇ ಮಾಡಿತು ಎಂದರೆ ಹೆಚ್ಚಾದೀತು, ನನಗೆ ಗೊತ್ತು. ಯಾರೂ ಯಾರನ್ನೂ ಎಬ್ಬಿಸಲಿಲ್ಲ. ಆದರೂ ಹೋದವರು ಹೋದರು.

2013ರ ಜನವರಿಯಲ್ಲಿ ಅಲ್ಲಿನ ಕಿಂಡರ್‌ಗಾರ್ಟನ್ ಸೇರ್ಪಡೆಗೆ ತಂದೆತಾಯಂದಿರು ನಾಲ್ಕು ದಿನ ಮೊದಲೇ ಸಾಲು ನಿಂತರು. ನಮ್ಮ ಬಾಡಿಗೆ ಮನೆ ಗೆರೆಯ ಹೊರಗಿತ್ತು. ನಾನು ನೋಡಲು ಹೋಗಿದ್ದೆ. ಮಡಚುವ ಕುರ್ಚಿ, ಕಂಬಳಿ, ಫ್ಲಾಸ್ಕಿನಲ್ಲಿ ಕಾಫಿ. ಸಾಲು ಬೆಳೆದದ್ದನ್ನು ಕಂಡು ಇಲಾಖೆಯವರು ಲಾಟರಿ ಎತ್ತುತ್ತೇವೆಂದು ಸಾರಿದರು. ಅದೇ ಬೇಸಿಗೆಯಲ್ಲಿ, ಒಂದು ಮೈಲಿ ಆಚೆ, ಬ್ಲ್ಯಾಕ್ ಬಾಟಮ್ ಕೆಡವಿ ಕಟ್ಟಿದ್ದ ಯೂನಿವರ್ಸಿಟಿ ಸಿಟಿ ಹೈಸ್ಕೂಲು ಮುಚ್ಚಿತು. ದುಡ್ಡಿಲ್ಲವೆಂದು ನಗರ ಆ ವರ್ಷ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿತ್ತು. ಮರುವರ್ಷ ಡ್ರೆಕ್ಸೆಲ್ ಆ ನೆಲವನ್ನು ಕೊಂಡಿತು.

ದುಡ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಫಿಲಡೆಲ್ಫಿಯಾದಲ್ಲಿ ಮನೆಕಂದಾಯದ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುವುದು ಶಾಲೆಗಳಿಗೆ. ವಿಶ್ವವಿದ್ಯಾಲಯ ಲಾಭಕ್ಕಲ್ಲದ ಸಂಸ್ಥೆ, ಕ್ಯಾಂಪಸ್ಸಿಗೆ ಕಂದಾಯವಿಲ್ಲ. ಮನ್ನಾ ಆದ ಕಂದಾಯದ 40 ಪ್ರತಿಶತವನ್ನಾದರೂ ಶಾಲೆಗಳಿಗೆ ಕೊಡಿ ಎಂದು 2020ರಲ್ಲಿ ಪೆನ್ನಿನ ಅಧ್ಯಾಪಕರು, ನೌಕರರೇ ಚಳವಳಿ ಹೂಡಿದರು. ಆ ನವೆಂಬರಿನಲ್ಲಿ ವಿಶ್ವವಿದ್ಯಾಲಯ ಶಾಲೆಗಳ ಕಲ್ನಾರು, ಸೀಸದ ಬಣ್ಣ ತೆಗೆಸಲು ಹತ್ತು ವರ್ಷಕ್ಕೆ 10 ಕೋಟಿ ಡಾಲರ್ ಘೋಷಿಸಿತು. ದೊಡ್ಡ ಮೊತ್ತವೇ. ಆದರೆ ಕೊಡುಗೆಯೆಂದು ಕೊಟ್ಟಿತು, ಕಂದಾಯವೆಂದಲ್ಲ. ಕೊಡುಗೆಗೆ ಕೊನೆಯ ತಾರೀಕು ಇರುತ್ತದೆ, ಫಲಕದ ಮೇಲೆ ಹೆಸರೂ ಇರುತ್ತದೆ. ಟರ್ನರ್ ಶಾಲೆಯ ತರಕಾರಿ ಅಂಗಡಿಯನ್ನು ನಾನು ಇವತ್ತೂ ಮೆಚ್ಚುತ್ತೇನೆ. ಆ ಮೆಚ್ಚುಗೆಯಿಂದ ಈ ಲೆಕ್ಕ ಚುಕ್ತಾ ಆಗುವುದಿಲ್ಲ.

ನಾವು ಕಡೆಗೆ ಗೆರೆಯ ಒಳಗೂ ಕೊಳ್ಳಲಿಲ್ಲ, ಹೊರಗೂ ಕೊಳ್ಳಲಿಲ್ಲ. ಎಲ್ಲರಂತೆ ಉಪನಗರಕ್ಕೆ ಹೋದೆವು. ಅಲ್ಲಿ ಕಂದಾಯ ಜಾಸ್ತಿ, ಶಾಲೆಗೆ ಈಜುಕೊಳವಿದೆ.

ಬ್ಲ್ಯಾಕ್ ಬಾಟಮ್‌ನವರು ಪ್ರತಿ ವರ್ಷ ಆಗಸ್ಟಿನ ಕೊನೆಯ ಭಾನುವಾರ ಫೇರ್‌ಮೌಂಟ್ ಪಾರ್ಕಿನಲ್ಲಿ ಸೇರುತ್ತಾರೆ, ಮೊಮ್ಮಕ್ಕಳನ್ನೂ ಕರೆತರುತ್ತಾರೆ. ನಮ್ಮ ಕಡೆ ಹಿನ್ನೀರು ಇಳಿದ ಬೇಸಿಗೆಯಲ್ಲಿ ಮುಳುಗಡೆಯವರು ಹಳೆಯ ಊರಿನ ಬಾವಿಕಟ್ಟೆ ಹುಡುಕಿಕೊಂಡು ಹೋಗುವುದನ್ನು ಕಂಡಿದ್ದೇನೆ. ಇವರಿಗೆ ಆ ಭಾಗ್ಯವೂ ಇಲ್ಲ.

ಮಗಳಿಗೆ ಈಗ ಹದಿನಾರು ದಾಟಿದೆ. ಕಾಲೇಜು ಅರ್ಜಿಗೆ ಸಮಾಜಸೇವೆಯ ಗಂಟೆಗಳು ಬೇಕಂತೆ. ಶನಿವಾರ ಅವಳನ್ನು ಪಶ್ಚಿಮ ಫಿಲಡೆಲ್ಫಿಯಾದ ಒಂದು ಶಾಲೆಗೆ ಬಿಟ್ಟು ಬರುತ್ತೇನೆ, ಮೂರನೇ ತರಗತಿಯವರಿಗೆ ಗಣಿತ ಹೇಳಿಕೊಡುತ್ತಾಳೆ. ದಾರಿಯಲ್ಲಿ 36ನೇ ಬೀದಿಯ ಗಾಜಿನ ಕಟ್ಟಡಗಳನ್ನು ತೋರಿಸಿ, ಇಲ್ಲಿ ಒಂದು ಹೈಸ್ಕೂಲಿತ್ತು ಎಂದೆ. ‘ಅದಕ್ಕೂ ಮೊದಲು ಏನಿತ್ತು ಅಪ್ಪ?’ ಎಂದು ಕೇಳಿದಳು. ಟ್ರಾಲಿ ಬೀದಿ ಬರುವವರೆಗೂ ಹೇಳಿದೆ. ಇಳಿಯುವಾಗ ಅವಳು ಬ್ಯಾಗಿನಿಂದ ಒಂದು ಫಾರಮ್ ತೆಗೆದಳು. ಹೋದ ತಿಂಗಳ ಹನ್ನೆರಡು ಗಂಟೆ, ತಂದೆಯ ಸಹಿ ಬೇಕಿತ್ತು. ಸ್ಟೀರಿಂಗಿನ ಮೇಲೆ ಇಟ್ಟುಕೊಂಡು ಹಾಕಿಕೊಟ್ಟೆ.